ಉಮ್ಮನ ಮಾತು ಉಳಿದದ್ದು ‘ಸೆಂಟ್ ಐಟಮ್ಸ್’ನಲ್ಲಿ: ನಮ್ಮ ಗಲ್ಫ್ ಮೇಲ್‌ಗಳ ಚರಿತ್ರೆ

ನಮ್ಮವರ ಗಲ್ಫ್ ಚರಿತ್ರೆ ಬರೆಯಲು ಕೂತವರಿಗೆ ಮೊದಲು ಸಿಗುವ ದಾಖಲೆ ಕಾಗದ. ಕುಂಬಳೆ, ಉಪ್ಪಳ, ಮಂಜೇಶ್ವರದಿಂದ ಹಿಡಿದು ಆಚೆ ಉಳ್ಳಾಲದವರೆಗೆ ಅನೇಕ ಹಳೆಯ ಮನೆಗಳಲ್ಲಿ ಒಂದು ತಗಡಿನ ಪೆಟ್ಟಿಗೆ ಇದೆ. ಅದರಲ್ಲಿ ಏರ್‌ಮೇಲ್ ಕವರುಗಳು, ನೀಲಿ ಏರೋಗ್ರಾಮ್‌ಗಳು. ಮೇಲೆ 786, ಕೆಳಗೆ ಸಲಾಂ, ಆಮೇಲೆ ‘ನಾನು ಇಲ್ಲಿ ಕ್ಷೇಮ’, ಆಮೇಲೆ ಡ್ರಾಫ್ಟಿನ ಮೊತ್ತ, ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿ, ಕೊನೆಗೆ ಎಲ್ಲರ ಹೆಸರು ಹಿಡಿದು ಸಲಾಂ.

ಈ ಪೆಟ್ಟಿಗೆಯಲ್ಲಿ ಒಂದು ಕೊರತೆ ಇದೆ. ಅದರಲ್ಲಿ ಇರುವುದು ಗಲ್ಫಿನಿಂದ ಬಂದ ಕಾಗದ ಮಾತ್ರ. ಊರಿನಿಂದ ಹೋದ ಕಾಗದ ಅಲ್ಲಿಲ್ಲ. ಅವು ಕಂಪೆನಿಯ ಪಿ.ಒ. ಬಾಕ್ಸಿಗೆ ಹೋಗಿ, ಅಲ್ಲಿಂದ ಎಂಟು ಹತ್ತು ಜನ ಮಲಗುವ ಕೋಣೆಗೆ ಹೋಗಿ, ತಲೆದಿಂಬಿನಡಿಯಲ್ಲಿ ಕೆಲವು ತಿಂಗಳು ಇದ್ದವು. ವೀಸಾ ಮುಗಿಸಿ ಬರುವಾಗ ಸಾಮಾನಿನ ತೂಕ ನೋಡುವವರು ಕಾಗದದ ಕಟ್ಟನ್ನು ಹೊತ್ತು ತರಲಿಲ್ಲ. ಹಾಗಾಗಿ ಗಂಡಸರ ಮಾತು ಉಳಿಯಿತು. ಊರಲ್ಲಿ ಉಳಿದ ಉಮ್ಮಂದಿರ, ಹೆಂಡತಿಯರ, ಹೆಣ್ಣುಮಕ್ಕಳ ಮಾತು ಹೋಯಿತು. 1970ರ ದಶಕದಲ್ಲಿ ಎಸ್.ಎ. ಜಮೀಲ್ ಅವರ ‘ದುಬಾಯ್ ಕತ್ತ್ ಪಾಟ್ಟ್’ ನಮ್ಮ ಕಡೆಯೂ ಮನೆಮನೆಯಲ್ಲಿ ಕ್ಯಾಸೆಟ್ಟಾಗಿ ಓಡಿತು. ಅದು ಗಂಡನಿಗೆ ಹೆಂಡತಿ ಬರೆದ ಕಾಗದದ ರೂಪದ ಹಾಡು. ಹೆಂಗಸಿನ ಕಾಗದ ಹಾಡಾಗಿ ಉಳಿಯಿತು, ಕಾಗದವಾಗಿ ಉಳಿಯಲಿಲ್ಲ.

ಎರಡೂ ಕಡೆಯ ಮಾತು ಒಂದೇ ಜಾಗದಲ್ಲಿ ದಾಖಲಾದ ಒಂದು ಕಾಲವಿತ್ತು. ಅದು ಇ-ಮೇಲ್ ಕಾಲ. ಸುಮಾರು 1997ರಿಂದ 2008ರ ತನಕ ಎನ್ನಬಹುದು. ಈ ಹತ್ತು ಹನ್ನೆರಡು ವರ್ಷದ ದಾಖಲೆ ಪೆಟ್ಟಿಗೆಯಲ್ಲಿರುವ ಕಾಗದಕ್ಕಿಂತ ಬೇಗ ಅಳಿಯುತ್ತಿದೆ. ಅದು ಎಲ್ಲಿತ್ತು, ಹೇಗೆ ಹೋಯಿತು, ಎಷ್ಟನ್ನು ಮರಳಿ ಪಡೆಯಬಹುದು ಎಂಬುದನ್ನು ಇಲ್ಲಿ ಬರೆದಿಡುತ್ತೇನೆ.

ಮೇಲ್ ಬಂದ ದಾರಿ

ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಜಾಲದ ಮೂಲಕ ಮೊದಲ ಮೇಲ್ ಕಳಿಸಿದವರು ಅಮೆರಿಕದ ರೇ ಟಾಮ್ಲಿನ್‌ಸನ್, 1971ರಲ್ಲಿ. ಎರಡು ಯಂತ್ರಗಳೂ ಒಂದೇ ಕೋಣೆಯಲ್ಲಿದ್ದವು. ವಿಳಾಸದ ನಡುವೆ ನಾವು ಇಂದಿಗೂ ಹಾಕುವ ‘ಆ್ಯಟ್’ ಗುರುತು ಅವರೇ ಆರಿಸಿದ್ದು. ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸಿಕ್ಕಿದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಯುಎಇಯಲ್ಲೂ ಅದೇ ವರ್ಷ ಎತಿಸಲಾತ್ ಇಂಟರ್‌ನೆಟ್ ಕೊಟ್ಟಿತು. ಸೌದಿಯಲ್ಲಿ ಮಾತ್ರ ಜನಸಾಮಾನ್ಯರಿಗೆ ಅದು ತೆರೆದದ್ದು 1999ರಲ್ಲಿ. ಹಾಗಾಗಿ ದುಬೈ, ಅಬುಧಾಬಿಯಲ್ಲಿ ಮಕ್ಕಳಿದ್ದ ಮನೆಗಳಿಗೆ ಮೇಲ್ ಮೊದಲು ಬಂತು. ದಮ್ಮಾಮ್, ರಿಯಾದ್, ಜಿದ್ದಾದಲ್ಲಿ ಇದ್ದವರ ಮನೆಗಳಲ್ಲಿ ಕಾಗದವೇ ಇನ್ನೂ ಕೆಲವು ವರ್ಷ ನಡೆಯಿತು.

ನಮ್ಮ ಪೇಟೆಗಳಲ್ಲಿ ಸೈಬರ್ ಕೆಫೆಗಳು ತೆರೆದವು. ಕಾಲೇಜಿಗೆ ಹೋಗುವ ತಮ್ಮನೋ ತಂಗಿಯೋ ಅಲ್ಲಿಗೆ ಹೋಗಿ ಮೇಲ್ ತೆರೆದು, ಪ್ರಿಂಟ್ ತೆಗೆದು ಮನೆಗೆ ತಂದು ಓದಿ ಹೇಳುವುದು. ಉಮ್ಮ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಟೈಪ್ ಮಾಡುವುದು. ಹಿಂದೆ ಕಾಗದ ಓದಿ ಹೇಳುತ್ತಿದ್ದ ಶಾಲೆಯ ಹುಡುಗನ ಕೆಲಸವೇ ಇದು. ಜಾಗ ಮಾತ್ರ ಬದಲಾಯಿತು.

ಭಾಷೆ ಕೂಡ ಬದಲಾಯಿತು. ಶಾಲೆಗೆ ಹೋದವರು ಕಾಗದವನ್ನು ಕನ್ನಡದಲ್ಲಿ ಬರೆಯುತ್ತಿದ್ದರು, ಅದೂ ಪುಸ್ತಕದ ಕನ್ನಡ. ಮದ್ರಸದಲ್ಲಿ ಮಾತ್ರ ಕಲಿತವರು ಅರಬಿ-ಮಲಯಾಳಂ ಲಿಪಿಯಲ್ಲಿ ಬರೆಯುತ್ತಿದ್ದರು. ಮನೆಯಲ್ಲಿ ಬ್ಯಾರಿ ಮಾತಾಡುವವರು ಕಾಗದದಲ್ಲಿ ಬ್ಯಾರಿ ಬರೆಯುವುದು ಕಡಿಮೆ. ಆಗಿನ ಕಂಪ್ಯೂಟರಿನಲ್ಲಿ ಕನ್ನಡ ಸುಲಭವಿರಲಿಲ್ಲ. ‘ಬರಹ’ ತಂತ್ರಾಂಶ ಬಂದದ್ದು 1998ರಲ್ಲಿ. ವಿಂಡೋಸ್ ತಾನೇ ಯುನಿಕೋಡ್ ಕನ್ನಡವನ್ನು ತೋರಿಸತೊಡಗಿದ್ದು 2001ರ ಎಕ್ಸ್‌ಪಿಯಿಂದ, ಅದೂ ಸೆಟ್ಟಿಂಗ್ಸ್‌ನಲ್ಲಿ ಬೇರೆಯಾಗಿ ಚಾಲೂ ಮಾಡಿದರೆ. ಹಾಗಾಗಿ ನಾವು ಇಂಗ್ಲಿಷ್ ಅಕ್ಷರದಲ್ಲಿ ಬರೆದೆವು. ಇಂಗ್ಲಿಷ್ ಅಕ್ಷರ ಹಿಡಿದ ಮೇಲೆ ಪುಸ್ತಕದ ಕನ್ನಡ ಏಕೆ? ಬಾಯಿಗೆ ಬಂದ ಬ್ಯಾರಿಯನ್ನೇ ಬರೆದೆವು. ಮಲಯಾಳಂನ ‘ವಾ’ ನಮ್ಮಲ್ಲಿ ‘ಬಾ’ ಆಗುತ್ತದಲ್ಲ, ಅದು ಹಾಗೆಯೇ ಮೇಲ್‌ಗೆ ಇಳಿಯಿತು. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆರಂಭವಾದದ್ದು 2009ರಲ್ಲಿ. ಅದಕ್ಕೂ ಮೊದಲೇ, ಯಾರೂ ಹೇಳದೆ, ಸಾಹಿತ್ಯ ಎಂದು ಅಂದುಕೊಳ್ಳದೆ, ನಮ್ಮ ಮನೆಗಳು ದಿನನಿತ್ಯದ ಗದ್ಯ ಬ್ಯಾರಿಯನ್ನು ಬರೆಯುತ್ತಿದ್ದವು. ಈ ಮೇಲ್‌ಗಳು ಹೋದರೆ ಮನೆಯ ಲೆಕ್ಕದ ಜೊತೆಗೆ ಅದೂ ಹೋಗುತ್ತದೆ.

ಹಾಟ್‌ಮೇಲಿನ 30 ದಿನ

ಹೆಚ್ಚಿನವರ ಮೊದಲ ವಿಳಾಸ ಹಾಟ್‌ಮೇಲ್, ಯಾಹೂ ಅಥವಾ ರೆಡಿಫ್‌ಮೇಲ್. ಹಾಟ್‌ಮೇಲನ್ನು ಸಬೀರ್ ಭಾಟಿಯಾ ಮತ್ತು ಜ್ಯಾಕ್ ಸ್ಮಿತ್ 1996ರ ಜುಲೈ 4ರಂದು ಆರಂಭಿಸಿದರು. 1997ರ ಕೊನೆಗೆ ಮೈಕ್ರೋಸಾಫ್ಟ್ ಅದನ್ನು ಕೊಂಡಿತು. ಹಣ ಕೊಡಬೇಕಾಗಿರಲಿಲ್ಲ, ಯಾವ ಊರಿನ ಕೆಫೆಯಲ್ಲಾದರೂ ತೆರೆಯಬಹುದಿತ್ತು. ಆದರೆ ಜಾಗ ಕೇವಲ 2 ಎಂಬಿ. ಇಂದಿನ ಫೋನಿನ ಒಂದು ಫೋಟೋ ಅಷ್ಟಕ್ಕೆ ಹಿಡಿಸುವುದಿಲ್ಲ. ಮಗುವಿನ ಎರಡು ಫೋಟೋ ಬಂದರೆ ಹಳೆಯ ಮೇಲ್ ಅಳಿಸಬೇಕು. ಅಳಿಸಿ ಅಳಿಸಿಯೇ ಮುಂದೆ ಹೋದೆವು.

ಇನ್ನೊಂದು ನಿಯಮ ನಮ್ಮವರಿಗೆ ಹೆಚ್ಚು ಪೆಟ್ಟು ಕೊಟ್ಟಿತೆಂದು ನನ್ನ ಅನಿಸಿಕೆ. 30 ದಿನ ತೆರೆಯದಿದ್ದರೆ ಉಚಿತ ಖಾತೆ ನಿಷ್ಕ್ರಿಯವಾಗಿ ಒಳಗಿನ ಮೇಲ್‌ಗಳು ಅಳಿಯುತ್ತಿದ್ದವು. ಎರಡು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳ ರಜೆಯಲ್ಲಿ ಊರಿಗೆ ಬರುವವನು ರಜೆಯಲ್ಲಿ ಮೇಲ್ ಏಕೆ ತೆರೆಯುತ್ತಾನೆ? ಬರೆಯಬೇಕಾದವರೆಲ್ಲ ಎದುರಿಗೇ ಇದ್ದಾರೆ. ಮದುವೆ, ಮನೆ ಕೆಲಸ, ನೆಂಟರ ಮನೆ ಎಂದು ದಿನ ಕಳೆದು ಹಿಂದೆ ಹೋಗಿ ನೋಡಿದರೆ ಪೆಟ್ಟಿಗೆ ಖಾಲಿ. ರಜೆಗೆ ಬಂದದ್ದೇ ದಾಖಲೆ ಹೋಗಲು ಕಾರಣವಾಯಿತು.

ಕಂಪೆನಿ ಕೊಟ್ಟ ವಿಳಾಸದ ಕತೆ ಇನ್ನೂ ಸರಳ. ಕೆಲಸ ಬಿಟ್ಟರೆ ವಿಳಾಸ ಮುಚ್ಚುತ್ತದೆ. ಫೋನ್ ಕಂಪೆನಿಯ ವಿಳಾಸವೂ ಹಾಗೆ: ಕನೆಕ್ಷನ್ ಕೊಟ್ಟರೆ ಇರುತ್ತದೆ, ಬಿಟ್ಟರೆ ಹೋಗುತ್ತದೆ. ಮೇಲ್‌ನ ಆಯುಷ್ಯ ವೀಸಾದ ಆಯುಷ್ಯದಷ್ಟೇ.

ಮನೆಯ ಕಂಪ್ಯೂಟರಿನ ಗುಪ್ತ ಫೋಲ್ಡರ್

2000ದ ನಂತರ ಕೆಲವು ಮನೆಗಳಿಗೆ ಕಂಪ್ಯೂಟರ್ ಬಂತು, ಬಿಎಸ್‌ಎನ್‌ಎಲ್ ಡಯಲ್-ಅಪ್ ಬಂತು. ಆಗ ಔಟ್‌ಲುಕ್ ಎಕ್ಸ್‌ಪ್ರೆಸ್ ಬಳಕೆಗೆ ಬಂತು. ವಿಂಡೋಸ್ 98ರಲ್ಲೂ ಎಕ್ಸ್‌ಪಿಯಲ್ಲೂ ಅದು ಜೊತೆಗೇ ಇರುತ್ತಿತ್ತು. ಮೇಲ್ ತರುವ ಪದ್ಧತಿಯ ಹೆಸರು ಪಿಒಪಿ3. ಅಂಚೆ ಕಚೇರಿಯಿಂದ ಕಾಗದ ತಂದ ಹಾಗೆ: ಸರ್ವರಿನಿಂದ ಮೇಲನ್ನು ಮನೆಯ ಕಂಪ್ಯೂಟರಿಗೆ ಇಳಿಸಿ, ಸರ್ವರಿನಲ್ಲಿದ್ದ ಪ್ರತಿಯನ್ನು ಅಳಿಸುವುದು ಅದರ ರೂಢಿ. ‘ಸರ್ವರಿನಲ್ಲೂ ಒಂದು ಪ್ರತಿ ಇರಲಿ’ ಎಂದು ಬೇರೆಯಾಗಿ ಗುರುತು ಹಾಕಬೇಕಿತ್ತು. ಡಯಲ್-ಅಪ್‌ನಲ್ಲಿ ನಿಮಿಷಕ್ಕೆ ಬಿಲ್ ಏರುವಾಗ ಈ ಪದ್ಧತಿ ಅನುಕೂಲ. ಇಳಿಸಿಕೊಂಡು, ಫೋನ್ ಬಿಟ್ಟು, ನಿಧಾನವಾಗಿ ಓದಬಹುದು. ಆದರೆ ಅಲ್ಲಿಗೆ ಲೋಕದಲ್ಲಿ ಆ ಮೇಲ್‌ನ ಪ್ರತಿ ಒಂದೇ, ಅದು ನಮ್ಮ ಮನೆಯ ಹಾರ್ಡ್ ಡಿಸ್ಕಿನಲ್ಲಿ.

ಆ ಡಿಸ್ಕಿಗೆ ಎರಡು ಶತ್ರುಗಳು. ಒಂದು ಸಿಡಿಲು. ಅಕ್ಟೋಬರ್, ನವೆಂಬರ್ ತಿಂಗಳ ಸಂಜೆಯ ಮಳೆಗೆ ನಮ್ಮ ಕಡೆ ಟೆಲಿಫೋನ್ ತಂತಿಯ ಮೂಲಕ ಬಂದು ಮೋಡೆಮ್, ಮದರ್‌ಬೋರ್ಡ್ ಸುಟ್ಟ ಸಿಡಿಲು ಎಷ್ಟೋ. ಇನ್ನೊಂದು ‘ಫಾರ್ಮ್ಯಾಟ್’. ಕಂಪ್ಯೂಟರ್ ನಿಧಾನವಾಯಿತು, ವೈರಸ್ ಬಂತು ಎಂದರೆ ಎಲ್ಲ ಕಡೆ ಒಂದೇ ಮದ್ದು. ಅಂಗಡಿಯವರು ಪ್ರಾಮಾಣಿಕವಾಗಿ ‘ಮೈ ಡಾಕ್ಯುಮೆಂಟ್ಸ್’ ಫೋಲ್ಡರನ್ನು ಸಿಡಿಗೆ ಹಾಕಿ ಕೊಡುತ್ತಿದ್ದರು. ಆದರೆ ಮೇಲ್ ಅಲ್ಲಿರಲಿಲ್ಲ. ಎಕ್ಸ್‌ಪಿಯಲ್ಲಿ ಅದು ಇದ್ದದ್ದು ‘ಲೋಕಲ್ ಸೆಟ್ಟಿಂಗ್ಸ್’ ಎಂಬ ಫೋಲ್ಡರಿನ ಒಳಗೆ, ಕಣ್ಣಿಗೆ ಕಾಣದಂತೆ ಮುಚ್ಚಿಟ್ಟ ಜಾಗದಲ್ಲಿ. ಇನ್‌ಬಾಕ್ಸಿಗೆ ಒಂದು ಫೈಲು, ಸೆಂಟ್ ಐಟಮ್ಸ್‌ಗೆ ಒಂದು ಫೈಲು, ಕೊನೆಯಲ್ಲಿ ‘ಡಿಬಿಎಕ್ಸ್’ ಎಂಬ ಮೂರಕ್ಷರ. ವಿಳಾಸಗಳ ಪುಸ್ತಕ ಇನ್ನೂ ಬೇರೆ ಫೈಲಿನಲ್ಲಿ. ಬ್ಯಾಕಪ್ ತೆಗೆದಿದ್ದೇವೆ ಎಂದು ನಂಬಿದ ಮನೆಗಳಲ್ಲಿ ಫೋಟೋ ಉಳಿಯಿತು, ಮೇಲ್ ಹೋಯಿತು.

ಗೊತ್ತಿದ್ದವರು ಆ ಫೈಲುಗಳನ್ನೂ ಸಿಡಿಗೆ ಹಾಕಿದ್ದರು. ಅವರಿಗೂ ಒಂದು ತೊಡಕು ಎದುರಾಯಿತು. ಸಿಡಿಯಿಂದ ಹಿಂದೆ ನಕಲು ಮಾಡಿದ ಫೈಲುಗಳಿಗೆ ‘ಓದಲು ಮಾತ್ರ’ ಎಂಬ ಗುರುತು ಅಂಟಿಕೊಂಡು ಬರುತ್ತಿತ್ತು. ಔಟ್‌ಲುಕ್ ಎಕ್ಸ್‌ಪ್ರೆಸ್ ಅಂಥ ಫೈಲನ್ನು ಒಳಗೆ ತೆಗೆದುಕೊಳ್ಳದು. ಮೇಲ್ ಹಾಳಾಗಿದೆ ಎಂದು ತಿಳಿದು ಸಿಡಿಯನ್ನೇ ಎಸೆದವರಿದ್ದಾರೆ. ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಆ ಗುರುತನ್ನು ತೆಗೆದರೆ ಸಾಕಿತ್ತು.

ನಕಲು ಬೇರೆ, ಕನ್ನಡಿ ಬೇರೆ

2004ರ ಏಪ್ರಿಲ್ 1ರಂದು ಗೂಗಲ್ 1 ಜಿಬಿ ಜಾಗದ ಜಿಮೇಲ್ ಪ್ರಕಟಿಸಿದಾಗ ಅನೇಕರು ಅದನ್ನು ಏಪ್ರಿಲ್ ಫೂಲ್ ಎಂದುಕೊಂಡರು. ಉಳಿದ ಕಂಪೆನಿಗಳೂ ಜಾಗ ಹೆಚ್ಚಿಸಬೇಕಾಯಿತು. ಅಳಿಸುವ ಅಭ್ಯಾಸ ನಿಂತಿತು. ಮೇಲ್ ಎಲ್ಲಿದೆ ಎಂದು ಯೋಚಿಸುವ ಅಭ್ಯಾಸವೂ ಅಲ್ಲಿಗೇ ನಿಂತಿತು.

2011ರ ಫೆಬ್ರವರಿ 27ರಂದು ಕೆಲವರ ಜಿಮೇಲ್ ಪೂರ್ತಿ ಖಾಲಿಯಾಗಿ ಕಂಡಿತು. ಗೂಗಲ್ ಹೇಳಿದ ಪ್ರಕಾರ ಅಂಥವರು ಒಟ್ಟು ಬಳಕೆದಾರರಲ್ಲಿ ಶೇಕಡಾ 0.02ರಷ್ಟು. ಹೊಸ ತಂತ್ರಾಂಶದ ದೋಷ ಅದಕ್ಕೆ ಕಾರಣ. ಗೂಗಲ್ ಒಂದೇ ಮೇಲನ್ನು ಹಲವು ಕೇಂದ್ರಗಳಲ್ಲಿ ಇಡುತ್ತದೆ. ಆದರೂ ದೋಷ ಆ ಪ್ರತಿಗಳನ್ನೂ ಮುಟ್ಟಿತು. ಕೊನೆಗೆ ಮೇಲ್‌ಗಳನ್ನು ಮರಳಿ ತಂದದ್ದು ಟೇಪಿನಿಂದ. ಜಾಲಕ್ಕೆ ಸಿಗದೆ ಹೊರಗಿದ್ದ ಕಾರಣ ಟೇಪನ್ನು ದೋಷ ತಲುಪಲಿಲ್ಲ.

ಫೋನಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಮೇಲ್ ಕಾಣುವುದನ್ನು ಬ್ಯಾಕಪ್ ಎಂದು ನಾವು ತಿಳಿಯುತ್ತೇವೆ. ಅದು ಕನ್ನಡಿ. ಒಂದು ಕಡೆ ಅಳಿಸಿದರೆ ಇನ್ನೊಂದು ಕಡೆಯೂ ಅಳಿಯುತ್ತದೆ. ಅಸಲು ಹೋದಾಗಲೂ ಉಳಿಯುವಂತೆ ಬೇರೆಯೇ ಇರುವ ಪ್ರತಿ ಮಾತ್ರ ಬ್ಯಾಕಪ್. ಅದನ್ನು ತೆರೆದು ಓದಿ ನೋಡುವ ತನಕ ಅದೂ ಬರೀ ನಂಬಿಕೆ.

ನಮ್ಮ ಮನೆಯ ಡಿಸ್ಕ್

ನಮ್ಮ ಮನೆಯಲ್ಲಿ ಕಾಕ ದುಬೈಯಲ್ಲಿದ್ದ ಕಾಲಕ್ಕೆ ಉಮ್ಮ ಹೇಳಿದ್ದನ್ನು ಟೈಪ್ ಮಾಡುವ ಕೆಲಸ ನನ್ನದು. ಆ ಕಂಪ್ಯೂಟರ್ ಸಿಡಿಲಿಗೆ ಸುಟ್ಟಿತು. ಹಾರ್ಡ್ ಡಿಸ್ಕನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿ ಇಟ್ಟಿದ್ದೆವು. ಉಮ್ಮ ತೀರಿಕೊಂಡ ಮೇಲೆ, ಎಷ್ಟೋ ವರ್ಷದ ನಂತರ, ಹಳೆಯ ಡಿಸ್ಕನ್ನು ಯುಎಸ್‌ಬಿಗೆ ಜೋಡಿಸುವ ಸಣ್ಣ ಅಡಾಪ್ಟರ್ ತರಿಸಿ ಹಾಕಿದೆ. ಡಿಸ್ಕ್ ತಿರುಗಿತು.

ಮೊದಲು ಮಾಡಿದ ಕೆಲಸ, ಏನನ್ನೂ ತೆರೆಯದೆ ಎಲ್ಲವನ್ನೂ ಇನ್ನೊಂದು ಡಿಸ್ಕಿಗೆ ನಕಲು ಮಾಡಿದ್ದು. ಹಳೆಯ ಡಿಸ್ಕ್ ಎಷ್ಟು ಹೊತ್ತು ತಿರುಗುತ್ತದೆಂದು ಹೇಳಲಾಗದು. ಕೆಲಸವೆಲ್ಲ ನಕಲಿನ ಮೇಲೆ. ಡಿಬಿಎಕ್ಸ್ ಫೈಲನ್ನು ಇಂದಿನ ವಿಂಡೋಸ್ ತೆರೆಯುವುದಿಲ್ಲ. ಔಟ್‌ಲುಕ್ ಎಕ್ಸ್‌ಪ್ರೆಸ್ ಎಕ್ಸ್‌ಪಿಯ ಜೊತೆಗೇ ಮುಗಿಯಿತು. ‘ಅನ್‌ಡಿಬಿಎಕ್ಸ್’ ಎಂಬ ಉಚಿತ ತಂತ್ರಾಂಶ ಆ ಫೈಲಿನೊಳಗಿನ ಪ್ರತಿ ಮೇಲನ್ನೂ ಬಿಡಿಬಿಡಿಯಾಗಿ ಹೊರಗೆ ತೆಗೆಯುತ್ತದೆ. ಅವನ್ನು ಥಂಡರ್‌ಬರ್ಡ್‌ನಲ್ಲಿ ತೆರೆದೆ.

ಕಾಕ ಬರಹ ಅಕ್ಷರದಲ್ಲಿ ಕಳಿಸಿದ್ದ ಕೆಲವು ಕನ್ನಡ ಮೇಲ್‌ಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಂಡವು. ಅವು ಹಾಳಾಗಿರಲಿಲ್ಲ. ಆ ಹಳೆಯ ಫಾಂಟ್ ಹಾಕಿದರೆ ಓದಬಹುದು, ಯುನಿಕೋಡಿಗೆ ಬದಲಾಯಿಸಲೂಬಹುದು. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಬ್ಯಾರಿಗೆ ಮಾತ್ರ ಏನೂ ಆಗಿರಲಿಲ್ಲ. ಎಲ್ಲ ಯಂತ್ರಕ್ಕೂ ಗೊತ್ತಿರುವ ಅಕ್ಷರ ಅದೊಂದೇ ಆದ್ದರಿಂದ, ಲಿಪಿಯಿಲ್ಲದೆ ಬರೆದದ್ದೇ ಗಟ್ಟಿಯಾಗಿ ಉಳಿಯಿತು.

ಇನ್‌ಬಾಕ್ಸಿನಲ್ಲಿ ಕಾಕನ ಮೇಲ್, ಸೆಂಟ್ ಐಟಮ್ಸ್‌ನಲ್ಲಿ ಉಮ್ಮನ ಮಾತು. ಅವರು ಹೇಳಿದ ಹಾಗೆಯೇ, ಅರ್ಧಕ್ಕೆ ನಿಲ್ಲಿಸಿ ಬೇರೆ ವಿಷಯಕ್ಕೆ ಹೋಗುವ ಅವರ ರೀತಿಯಲ್ಲೇ. ಉಮ್ಮನ ಚಿನ್ನದ ಸರ ಮನೆಯ ಮಾಡಿಗೆ ಹೋಯಿತೆಂದು ಬಾಪನ ಸಮೇತ ಮನೆಯವರೆಲ್ಲ ತಿಳಿದಿದ್ದೆವು. ನನ್ನ ಕೈಯಿಂದ ಟೈಪ್ ಮಾಡಿಸದೆ, ನೆರೆಮನೆಯ ಹುಡುಗಿಯನ್ನು ಕೂರಿಸಿಕೊಂಡು ಬರೆಸಿದ ಒಂದು ಮೇಲ್ ಅಲ್ಲಿತ್ತು. ಸರ ಮಾರಿದ್ದು ಕಾಕನ ವೀಸಾದ ಸಾಲ ತೀರಿಸಲು. ಇದನ್ನು ಬಾಪನಿಗೆ ಹೇಳಬೇಡ, ದುಡ್ಡು ಹಿಂದೆ ಕಳಿಸಲೂ ಬೇಡ ಎಂದಿತ್ತು. ಕಾಕನ ಉತ್ತರವೂ ಇತ್ತು, ಎರಡೇ ಸಾಲು. ತಗಡಿನ ಪೆಟ್ಟಿಗೆಯಲ್ಲಿ ಹುಡುಕಿದ್ದರೆ ಈ ಸಂಗತಿಯ ಅರ್ಧವೂ ಸಿಗುತ್ತಿರಲಿಲ್ಲ.

ಮರಳಿ ಸಿಕ್ಕಿದ್ದೆಲ್ಲ ಹಂಚಲು ಸಿಕ್ಕಿದ್ದಲ್ಲ. ಹಳೆಯ ಮೇಲ್ ಒಂದು ಅಮಾನತ್. ಬಾಪ ಈಗ ಇಲ್ಲ. ಆದರೂ ಮೊದಲು ಕಾಕನಿಗೆ ಫೋನ್ ಮಾಡಿ ಕೇಳಿದೆ. ಅವನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮಕ್ಕಳಿಗೆ ಗೊತ್ತಿರಲಿ, ಬರೆ ಎಂದ. ಹಾಗಾಗಿ ಬರೆದಿದ್ದೇನೆ. ಬರೆಯದೆ ಉಳಿಸಿದ ಮೇಲ್‌ಗಳೂ ಇವೆ. ಯಾರದೋ ಮದುವೆ ಮಾತುಕತೆ, ಯಾರದೋ ಸಾಲ. ಅವು ಡಿಸ್ಕಿನಲ್ಲಿರಲಿ.

ಈಗ ಮಾಡಬೇಕಾದದ್ದು

ಗೂಗಲ್ 2023ರಲ್ಲಿ ಹೊಸ ನಿಯಮ ತಂದಿತು. ಎರಡು ವರ್ಷ ಬಳಸದ ವೈಯಕ್ತಿಕ ಖಾತೆಯನ್ನು ಒಳಗಿನ ಮೇಲ್, ಫೋಟೋ ಸಮೇತ ಅಳಿಸಬಹುದು. ಆ ವರ್ಷದ ಡಿಸೆಂಬರಿನಿಂದ ಇದು ಜಾರಿಯಲ್ಲಿದೆ. ತೀರಿಹೋದವರ ಖಾತೆಗೆ ಮೊದಲು ಬೀಳುವ ಪೆಟ್ಟು ಇದು. ಬದುಕಿರುವವರು ಗೂಗಲ್ ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಇನ್‌ಆ್ಯಕ್ಟಿವ್ ಅಕೌಂಟ್ ಮ್ಯಾನೇಜರ್’ ತೆರೆದು, ತಾವು ಇಲ್ಲವಾದರೆ ಯಾರಿಗೆ ಏನು ಸಿಗಬೇಕೆಂದು ಬರೆದಿಡಬಹುದು. 2013ರಿಂದಲೂ ಈ ಸೌಲಭ್ಯ ಇದೆ. ಆಸ್ತಿಗೆ ವಸಿಯ್ಯತ್ ಬರೆಯುವ ಹಾಗೆ ಇದಕ್ಕೂ ಒಂದು ಹತ್ತು ನಿಮಿಷ ಕೊಡಬೇಕು.

ಜಿಮೇಲ್‌ನ ಪೂರ್ತಿ ಪ್ರತಿ ಬೇಕಾದರೆ ‘ಗೂಗಲ್ ಟೇಕ್‌ಔಟ್’ ತೆರೆದು, ಮೇಲ್ ಒಂದನ್ನೇ ಆರಿಸಿ, ಡೌನ್‌ಲೋಡ್ ಮಾಡಬೇಕು. ಸಿಗುವ ಫೈಲಿನ ಮಾದರಿಗೆ ‘ಎಂಬಾಕ್ಸ್’ ಎಂದು ಹೆಸರು. ಯುನಿಕ್ಸ್ ಕಂಪ್ಯೂಟರುಗಳಲ್ಲಿ ದಶಕಗಳ ಹಿಂದೆಯೇ ಬಳಕೆಯಲ್ಲಿದ್ದ ಮಾದರಿ ಇದು: ಒಂದರ ಕೆಳಗೊಂದು ಮೇಲ್, ಬರೀ ಪಠ್ಯ. ನಡುವೆ ಬಂದ ಡಿಬಿಎಕ್ಸ್ ಸತ್ತಿತು, ಅದಕ್ಕೂ ಹಳೆಯ ಎಂಬಾಕ್ಸ್ ಬದುಕಿದೆ. ಒಬ್ಬ ಕಂಪೆನಿಯ ಗುಟ್ಟಲ್ಲದ ಮಾದರಿಯೇ ಹೆಚ್ಚು ಕಾಲ ಬಾಳುತ್ತದೆ. ಥಂಡರ್‌ಬರ್ಡ್ ಕೂಡ ಮೇಲ್‌ಗಳನ್ನು ಸಾಮಾನ್ಯವಾಗಿ ಇದೇ ಮಾದರಿಯಲ್ಲಿ ಇಡುತ್ತದೆ. ಅದರ ‘ಲೋಕಲ್ ಫೋಲ್ಡರ್ಸ್’ ಜಾಗದಲ್ಲಿ ಟೇಕ್‌ಔಟ್ ಫೈಲನ್ನು ಇಟ್ಟು ತೆರೆದರೆ ಇಂಟರ್‌ನೆಟ್ ಇಲ್ಲದೆಯೂ ಎಲ್ಲ ಮೇಲ್ ಓದಬಹುದು. ಫೋಟೋಗಳು ಪಠ್ಯರೂಪದಲ್ಲಿ ಒಳಗೇ ಇರುವುದರಿಂದ ಅವುಗಳ ಭಾಗ ಮೂಲಕ್ಕಿಂತ ಮೂರನೇ ಒಂದು ಪಾಲು ಹೆಚ್ಚು ಜಾಗ ಹಿಡಿಯುತ್ತದೆ. ಡಿಸ್ಕ್ ಕೊಳ್ಳುವಾಗ ಲೆಕ್ಕದಲ್ಲಿರಲಿ.

ಪ್ರತಿಗಳು ಮೂರಿರಲಿ: ಖಾತೆಯಲ್ಲಿ ಒಂದು, ಮನೆಯ ಡಿಸ್ಕಿನಲ್ಲಿ ಒಂದು, ಬೇರೆ ಊರಿನಲ್ಲಿರುವ ತಂಗಿಯ ಅಥವಾ ಮಗನ ಮನೆಯಲ್ಲಿ ಒಂದು. ಸಿಡಿಯನ್ನು ನಂಬಬೇಡಿ, ನಮ್ಮ ಕರಾವಳಿಯ ಸೆಕೆ, ತೇವಕ್ಕೆ ಅದರ ಪದರ ನಿಲ್ಲುವುದಿಲ್ಲ. ಹಳೆಯ ಸಿಡಿ ಇದ್ದರೆ ಇವತ್ತೇ ನಕಲು ಮಾಡಿಕೊಳ್ಳಿ. ವರ್ಷಕ್ಕೊಮ್ಮೆ ಡಿಸ್ಕನ್ನು ಹಾಕಿ, ಯಾವುದಾದರೂ ಹತ್ತು ಮೇಲ್ ತೆರೆದು ಓದಿ. ರಂಝಾನ್ ಮೊದಲು ಮನೆ ತೊಳೆಯುವ ವಾರದಲ್ಲಿ ಇದನ್ನೂ ಸೇರಿಸಿಕೊಂಡರೆ ಮರೆಯುವುದಿಲ್ಲ.

ಈ ಸಲ ಪೆರ್ನಾಲಿಗೆ ಗಲ್ಫಿನಿಂದ ಬರುವವರನ್ನು ಒಂದು ಪ್ರಶ್ನೆ ಕೇಳಿ: ಹಳೆಯ ಲ್ಯಾಪ್‌ಟಾಪ್, ಹಳೆಯ ಡಿಸ್ಕ್ ಎಲ್ಲಿದೆ? ಗುಜರಿಗೆ ಹಾಕುವ ಮೊದಲು ಒಮ್ಮೆ ಜೋಡಿಸಿ ನೋಡಿ. ಇನ್‌ಬಾಕ್ಸ್ ತೆರೆದ ಮೇಲೆ ಸೆಂಟ್ ಐಟಮ್ಸ್ ತೆರೆಯಲು ಮರೆಯಬೇಡಿ.